ಬಂದೂಕಿನ ಲೆಕ್ಕ ಕೇಳದೆ ಓಟು ಕೊಡಬೇಕೆ?

ಚುನಾವಣೆ ಘೋಷಣೆಯಾಗುತ್ತಿದ್ದಂತೆ ಪರವಾನಗಿ ಪಡೆದ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದಂತಹ ಊರಿನಲ್ಲಿ ಬಹುಪಾಲು ಮನೆಗಳಿಗೆ ಇದು ಸಂಬಂಧವೇ ಇಲ್ಲದ ಸುದ್ದಿ. ಕಾಲುವೆಗೆ ನೀರು ಬಂದರೆ ನಾಟಿ, ಬಾರದಿದ್ದರೆ ಗುಳೆ ಎಂದು ಬದುಕುವವರ ಮನೆಯಲ್ಲಿ ಕುಡುಗೋಲು, ಕೊಡಲಿ ಬಿಟ್ಟರೆ ಬೇರೆ ಹತಾರವಿಲ್ಲ. ಅವರು ಬಂದೂಕನ್ನು ಕಾಣುವುದು ಹೆಚ್ಚಾಗಿ ಎರಡೇ ಕಡೆ: ಪೊಲೀಸರ ಹೆಗಲ ಮೇಲೆ, ಮತ್ತು ಓಟು ಕೇಳಲು ಬರುವ ನಾಯಕರ ಹಿಂದೆ ನಿಂತ ಗನ್‌ಮ್ಯಾನ್ ಬಳಿ. ಹೀಗಿರುವಾಗ ಬಂದೂಕಿನ ವಿಷಯದಲ್ಲಿ ಒಬ್ಬ ರಾಜಕಾರಣಿಯ ನಡೆಯನ್ನು ತೂಗಿ ನೋಡಿ ಓಟು ಹಾಕಬೇಕೆಂದು ನಾವು ಹೇಳಿದರೆ ಓದುಗರಿಗೆ ವಿಚಿತ್ರವೆನಿಸಬಹುದು. ರಸ್ತೆ, ನೀರು, ಪಡಿತರ, ಶಾಲೆಗಳನ್ನು ಬಿಟ್ಟು ಬಂದೂಕಿನ ಮಾತೇಕೆ ಎಂದು ಕೇಳಬಹುದು.

ನಮ್ಮ ಉತ್ತರ ಇಷ್ಟೆ: ಬಂದೂಕು ಇಲ್ಲದವರೇ ಬಂದೂಕಿನ ಲೆಕ್ಕ ಕೇಳಬೇಕು. ಇದ್ದವರು ಕೇಳುವುದಿಲ್ಲ.

ಅಮೆರಿಕದಲ್ಲಿ ಈ ಲೆಕ್ಕವನ್ನು ಬಂದೂಕು ಇದ್ದವರೇ ಕೇಳುತ್ತಾರೆ. ಅಲ್ಲಿಯ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಚುನಾವಣೆಗೆ ನಿಂತವರಿಗೆ ಶಾಲೆಯ ಮಕ್ಕಳಿಗೆ ಕೊಟ್ಟಂತೆ ದರ್ಜೆ ಕೊಡುತ್ತದೆ. ಬಂದೂಕು ಕೊಳ್ಳುವವನ ದಾರಿ ಸುಗಮ ಮಾಡಿದವನಿಗೆ ಮೇಲಿನ ದರ್ಜೆ, ಅಡ್ಡಿ ಮಾಡಿದವನಿಗೆ ಕೆಳಗಿನ ದರ್ಜೆ. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ನಮ್ಮ ದೇಶದಲ್ಲಿ ಅದು ಹಕ್ಕಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸರ್ಕಾರ ಕೊಡುವ ಪರವಾನಗಿ ಮಾತ್ರ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಅಕ್ರಮ ಶಸ್ತ್ರಾಸ್ತ್ರಗಳಿಗೆ ಶಿಕ್ಷೆಯನ್ನು ಹೆಚ್ಚಿಸಿತು. ನಮ್ಮ ಸಂವಿಧಾನದ 19ನೇ ವಿಧಿಯು ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ನಮಗೆ ಕೊಟ್ಟಿದೆ. ಬರಿಗೈಯಲ್ಲಿ ಬೀದಿಗಿಳಿದು ಮಾತಾಡುವ ಹಕ್ಕು ಅದು. ಆಯುಧವಿಲ್ಲದೆ ಬಾ ಎಂದು ಜನರಿಗೆ ಹೇಳಿದ ಮೇಲೆ, ಹಾಗೆ ಬಂದವರ ಮೇಲೆ ಗುಂಡು ಹಾರಿದರೆ ಉತ್ತರ ಕೊಡುವ ಹೊಣೆಯೂ ಪ್ರಭುತ್ವದ್ದೇ ಆಗುತ್ತದೆ. ಇದನ್ನು ನಾವು ಬಂದೂಕಿನ ವಿಷಯದಲ್ಲಿ ಪ್ರಜೆಗಿರುವ ನಿಜವಾದ ಹಕ್ಕು ಎನ್ನುತ್ತೇವೆ.

ಕರ್ನಾಟಕದಲ್ಲಿ ಇದಕ್ಕೆ ಒಂದು ಅಪವಾದವಿದೆ, ಕೊಡಗು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದಾಗಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಜನರ ಮೇಲೆ ನಮಗೆ ಅಸೂಯೆ ಇಲ್ಲ. ಕೊಡಗಿನ ಅಭ್ಯರ್ಥಿಯನ್ನು ಕೋವಿಯ ಹಕ್ಕಿನ ಬಗ್ಗೆ ಅಲ್ಲಿಯವರು ಕೇಳಲಿ. ಕೋವಿ ಇಲ್ಲದ ನಮ್ಮ ಸೀಮೆಯವರು ಕೇಳಬೇಕಾದ ಪ್ರಶ್ನೆ ಬೇರೆ. ಬಂದೂಕು ಹಿಡಿದವರ ಕೈಯಿಂದ ಅದನ್ನು ಕೆಳಗಿಳಿಸಿದ್ದೀರಾ? ಕಾನೂನಿನ ಹೊರಗೆ ಬಂದೂಕು ಬಳಸಿದವರನ್ನು ಹಿಡಿದಿದ್ದೀರಾ? ನಿಮ್ಮದೇ ಪೊಲೀಸರು ಗುಂಡು ಹಾರಿಸಿದಾಗ ಉತ್ತರ ಕೊಟ್ಟಿದ್ದೀರಾ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು, ನಮ್ಮ ಭಾಗದ ದಲಿತರು, ಹಿಂದುಳಿದವರು ಮತ್ತು ಮುಸ್ಲಿಮರು ಹೆಚ್ಚು ನಂಬಿಕೊಂಡು ಬಂದ ನಾಯಕರೊಬ್ಬರ ನಡೆಯನ್ನು ತೂಗಿ ನೋಡೋಣ. ಅವರು ಸಿದ್ದರಾಮಯ್ಯ. ನಂಬದವರನ್ನು ತೂಗುವುದು ಸುಲಭ, ಅಲ್ಲಿ ತಕ್ಕಡಿ ಮೊದಲೇ ವಾಲಿರುತ್ತದೆ. ನಂಬಿದವರನ್ನು ತೂಗುವಾಗಲೇ ಕೈ ನಡುಗಬಾರದು.

ಮೊದಲು ಅವರ ಪರವಾದ ತೂಕ. 2014ರ ಡಿಸೆಂಬರ್‌ನಲ್ಲಿ, ಅವರ ಮೊದಲ ಅವಧಿಯಲ್ಲಿ, ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಭೂಗತ ಬದುಕನ್ನು ಬಿಟ್ಟು ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಂತಹ ಹಿರಿಯರು, ಪತ್ರಕರ್ತರು ಇದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರು. ಸರ್ಕಾರ ಬಾಗಿಲು ಮುಚ್ಚಿಕೊಂಡಿದ್ದರೆ ಅವರ ದುಡಿಮೆ ವ್ಯರ್ಥವಾಗುತ್ತಿತ್ತು. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರೇ ಶರಣಾದರು. ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ತಮಿಳುನಾಡಿನ ವಸಂತ್, ಕೇರಳದ ಜಿಷಾ. ಆರನೆಯವರು ನಮ್ಮ ಮಾನ್ವಿ ತಾಲೂಕಿನ ಮಾರೆಪ್ಪ ಅರೋಲಿ. ಫೆಬ್ರವರಿ ಆರಂಭದಲ್ಲಿ ಇನ್ನಿಬ್ಬರು ಬಂದರು. ಕಾಡಿನಲ್ಲಿದ್ದ ಅವರ ಬಂದೂಕುಗಳನ್ನು ಪೊಲೀಸರು ಕೊಪ್ಪ ತಾಲೂಕಿನ ಅರಣ್ಯದಿಂದ ವಶಪಡಿಸಿಕೊಂಡರು. ಒಂದೇ ಒಂದು ಗುಂಡು ಹಾರದೆ ಇಷ್ಟು ಬಂದೂಕುಗಳು ನೆಲಕ್ಕಿಳಿದದ್ದು ಸಣ್ಣ ಸಾಧನೆಯಲ್ಲ.

ಮಾರೆಪ್ಪನ ಊರು ನಮ್ಮ ಸೀಮೆಯದು ಎಂಬ ಕಾರಣಕ್ಕೆ ಈ ಮಾತು ಇಲ್ಲಿಯವರಿಗೆ ಬೇರೆಯಾಗಿಯೇ ತಟ್ಟಬೇಕು. ಮಾನ್ವಿಯ ಹುಡುಗನೊಬ್ಬ ಮಲೆನಾಡಿನ ಕಾಡಿಗೆ ಹೋದದ್ದೇಕೆ? ಆಂಧ್ರ, ತೆಲಂಗಾಣದ ಗಡಿಗೆ ಅಂಟಿಕೊಂಡ ರಾಯಚೂರು ಜಿಲ್ಲೆಯಲ್ಲಿ ನಕ್ಸಲೀಯರು ಮಲೆನಾಡಿಗೆ ಹೋಗುವ ಮೊದಲೇ ಕೆಲಸ ಮಾಡಿದ್ದರು. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲೂ ತಳದಲ್ಲಿ ಇಟ್ಟಿತು. ಮಾನ್ವಿಯೂ ಆ ಪಟ್ಟಿಯಲ್ಲಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ, ಕೊನೆಭಾಗದಲ್ಲಿ ಒಂದು ಬೆಳೆಗೂ ಪರದಾಟ. ಭೂಮಿ ಇದ್ದವರ ಅಂಗಳ, ಇಲ್ಲದವರ ಬೆನ್ನು. ಇಂತಹ ಕಡೆ ಬಂದೂಕು ಆಕಾಶದಿಂದ ಉದುರುವುದಿಲ್ಲ. ಆದರೂ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಬಂದೂಕಿನಿಂದ ಈ ನೆಲದ ಒಂದು ಎಕರೆಯೂ ಬಡವರ ಹೆಸರಿಗೆ ಬರಲಿಲ್ಲ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲೀಯರ ದಾಳಿಗೆ ಸತ್ತ ಪೊಲೀಸರೂ ಬಡವರ ಮನೆಯ ಮಕ್ಕಳೇ ಆಗಿದ್ದರು. ಕಾಡಿನ ಬಂದೂಕನ್ನು ವೈಭವೀಕರಿಸುವ ಕೆಲಸ ನಮ್ಮದಲ್ಲ. ಅದಕ್ಕಾಗಿಯೇ ಅದನ್ನು ಮಾತಿನಿಂದ ಕೆಳಗಿಳಿಸಿದವರಿಗೆ ನಾವು ಪೂರ್ಣ ಅಂಕ ಕೊಡುತ್ತೇವೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಆ ಆರು ಜನ ಶರಣಾಗುವುದಕ್ಕೆ ಎರಡು ತಿಂಗಳೂ ಮೊದಲಲ್ಲ, 2024ರ ನವೆಂಬರ್ 18ರ ರಾತ್ರಿ, ಉಡುಪಿ ಜಿಲ್ಲೆ ಹೆಬ್ರಿ ತಾಲೂಕಿನ ಪೀತಬೈಲಿನಲ್ಲಿ ವಿಕ್ರಂ ಗೌಡ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಬಲಿಯಾದ. ಶರಣಾಗಲು ಹೇಳಿದರೂ ಅವನೇ ಮೊದಲು ಗುಂಡು ಹಾರಿಸಿದ ಎಂಬುದು ಪೊಲೀಸರ ಹೇಳಿಕೆ. ಇರಬಹುದು, ಇಲ್ಲದಿರಲೂಬಹುದು. ಅದನ್ನು ತೀರ್ಮಾನಿಸುವವರು ಗುಂಡು ಹಾರಿಸಿದವರೇ ಆಗಬಾರದು ಎಂಬುದಷ್ಟೇ ನಮ್ಮ ವಾದ. ಇದು ನಮ್ಮ ಮನಸ್ಸಿನ ಮಾತೂ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಿಯುಸಿಎಲ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಲ್ಲಿ ಹದಿನಾರು ಸೂಚನೆಗಳಿವೆ. ಎನ್‌ಕೌಂಟರ್‌ನಲ್ಲಿ ಸಾವಾದರೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ಸ್ವತಂತ್ರವಾಗಿ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ನ್ಯಾಯಾಂಗ ತನಿಖೆಯಾಗಲಿ ಎಂದು ನಾಗರಿಕ ಸಂಘಟನೆಗಳು ಕೇಳಿದವು. ಪೊಲೀಸರ ಮಾತನ್ನೇ ಸರ್ಕಾರ ಸಮರ್ಥಿಸಿಕೊಂಡಿತು. ಮಾತಿಗೆ ಕರೆದವರೂ ಇದೇ ಸರ್ಕಾರ, ಗುಂಡು ಹಾರಿಸಿದವರೂ ಇದೇ ಸರ್ಕಾರ. ಜನವರಿಯ ಶರಣಾಗತಿಯ ಚಿತ್ರವನ್ನು ಪ್ರಚಾರಕ್ಕೆ ಬಳಸುವವರು ನವೆಂಬರ್‌ನ ರಾತ್ರಿಗೂ ಉತ್ತರ ಕೊಡಬೇಕಾಗುತ್ತದೆ.

ಶರಣಾದವರ ಕಥೆಯೂ ಅಂದಿಗೆ ಮುಗಿಯಲಿಲ್ಲ. ಮುಖ್ಯಮಂತ್ರಿಗಳಿಂದ ಹೂವು ಪಡೆದವರು ನೇರ ನ್ಯಾಯಾಂಗ ಬಂಧನಕ್ಕೆ ಹೋದರು. ಕಾನೂನು ತನ್ನ ದಾರಿ ಹಿಡಿಯಲಿ, ಕೊಲೆಯ ಆರೋಪವಿದ್ದರೆ ವಿಚಾರಣೆ ನಡೆಯಲಿ, ನಮ್ಮ ತಕರಾರಿಲ್ಲ. ಆದರೆ ವಿಚಾರಣೆ ಎಂಬುದು ಮುಗಿಯದ ಶಿಕ್ಷೆಯಾಗಬಾರದು. ಬಂದೂಕು ಕೆಳಗಿಟ್ಟವನಿಗೆ ಸಿಕ್ಕಿದ್ದೇನು ಎಂಬುದನ್ನು ಇಡೀ ಸೀಮೆ ಕಣ್ಣಿಟ್ಟು ನೋಡುತ್ತಿರುತ್ತದೆ. ಅವನಿಗೆ ಸಿಕ್ಕಿದ್ದು ಜೈಲಿನ ಗೋಡೆ ಮಾತ್ರವಾದರೆ, ನಾಳೆ ಇನ್ನೊಬ್ಬನಿಗೆ ಮಾತುಕತೆಗೆ ಬಾ ಎಂದು ಹೇಳಲು ಯಾವ ಹಿರಿಯರಿಗೆ ಮುಖವಿರುತ್ತದೆ?

ಎರಡನೆಯ ಪ್ರಶ್ನೆ, ಕಾನೂನಿನ ಹೊರಗಿನ ಬಂದೂಕಿನದು. 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ತನಿಖೆ ಸಿಐಡಿಗೆ ಹೋಯಿತು, ಎರಡು ವರ್ಷವಾದರೂ ಕೊಲೆಗಾರರ ಸುಳಿವಿರಲಿಲ್ಲ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಬೆಂಗಳೂರಿನ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಎರಡೂ ಕೊಲೆಗೆ ಬಳಕೆಯಾದದ್ದು ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಕಾಡಿನಲ್ಲಿದ್ದವರ ಕೈಯಿಂದ ಬಂದೂಕು ಬಿಡಿಸಲು ಓಡಾಡಿದ ಹೆಣ್ಣುಮಗಳು ನಾಡಿನಲ್ಲಿದ್ದವರ ಪಿಸ್ತೂಲಿಗೆ ಬಲಿಯಾದರು. ಮೊದಲ ಕೊಲೆಯ ತನಿಖೆ ಸರಿಯಾಗಿ ನಡೆದಿದ್ದರೆ ಅದೇ ಪಿಸ್ತೂಲು ಎರಡನೆಯ ಮನೆಯ ಮುಂದೆ ಬರುತ್ತಿತ್ತೇ ಎಂಬ ಪ್ರಶ್ನೆ ಆ ಸರ್ಕಾರದ ಬೆನ್ನು ಬಿಡುವುದಿಲ್ಲ.

ಆದರೆ ತೂಕದಲ್ಲಿ ಮೋಸ ಮಾಡಬಾರದೆಂಬುದು ಧರ್ಮ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಗೌರಿ ಹತ್ಯೆಯಾದ ಕೂಡಲೇ ವಿಶೇಷ ತನಿಖಾ ತಂಡವನ್ನು ರಚಿಸಿದ್ದೂ ಅದೇ ಸರ್ಕಾರ. ಆ ತಂಡ ಕೆಲಸ ಮಾಡಿತು. 2018ರ ಫೆಬ್ರವರಿಯಲ್ಲಿ ಗುಂಡುಗಳ ಸಮೇತ ಒಬ್ಬ ಸಿಕ್ಕಿಬಿದ್ದದ್ದರಿಂದ ಹಿಡಿದು ಇಡೀ ಜಾಲ ಬಿಚ್ಚಿಕೊಂಡು, ಹದಿನೆಂಟು ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಕಲಬುರ್ಗಿ ಪ್ರಕರಣವನ್ನೂ 2019ರಲ್ಲಿ ಸುಪ್ರೀಂ ಕೋರ್ಟ್ ಇದೇ ತಂಡಕ್ಕೆ ಒಪ್ಪಿಸಿತು. ಮನಸ್ಸು ಮಾಡಿದರೆ ಪೊಲೀಸರಿಂದ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮನಸ್ಸು ಮಾಡುವುದಕ್ಕೆ ಎರಡನೆಯ ಹೆಣ ಬೀಳಬೇಕಾಯಿತು ಎಂಬುದಕ್ಕೂ ಇದೇ ಸಾಕ್ಷಿ.

ಮೂರನೆಯದು ಪೊಲೀಸರ ಗುಂಡು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ದಿನ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಸತ್ತವರ ಕುಟುಂಬಗಳಿಗೆ ತಲಾ ಹತ್ತು ಲಕ್ಷ ಪರಿಹಾರ ಪ್ರಕಟಿಸಿ, ಮೂರೇ ದಿನಗಳಲ್ಲಿ ಮಾತು ಬದಲಿಸಿ, ತನಿಖೆ ಮುಗಿಯದೆ ಕೊಡುವುದಿಲ್ಲ ಎಂದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ನ್ಯಾಯಾಂಗ ತನಿಖೆಗೆ ಒತ್ತಾಯಿಸಿದರು. ಅಂದು ನಮ್ಮ ಮನೆಮನೆಗಳಲ್ಲಿ ಆ ಮಾತು ಕೊಟ್ಟ ಧೈರ್ಯ ಸಣ್ಣದಲ್ಲ. 2023ರ ಮೇ ತಿಂಗಳಲ್ಲಿ ಅಧಿಕಾರ ಅವರದೇ ಆಯಿತು. ವಿರೋಧ ಪಕ್ಷದ ಬೆಂಚಿನಲ್ಲಿ ಕೂತು ಕೇಳಿದ ತನಿಖೆಯನ್ನು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತು ತಾವೇ ಕೊಡಬಹುದಿತ್ತಲ್ಲ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಂತಹ ಹೊತ್ತಿಗೆ ನೆನಪಾಗದೆ ಇರುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ನಮ್ಮವರೇ ಕೆಲವರು ಬಾಯಿ ಮುಚ್ಚಿಸಲು ಬರುತ್ತಾರೆ. ‘ಚುನಾವಣೆ ಹತ್ತಿರ ಬಂದಾಗ ಇದೆಲ್ಲ ಬೇಡ ಸಾಹೇಬರೇ, ಇವರನ್ನು ಟೀಕಿಸಿದರೆ ಅವರು ಬರುತ್ತಾರೆ’ ಎನ್ನುತ್ತಾರೆ. ‘ಅವರು’ ಬಂದಾಗ ಏನಾಯಿತೆಂಬುದು ನಮಗೂ ಗೊತ್ತು. 2008ರಲ್ಲಿ ಬಿಜೆಪಿ ಸರ್ಕಾರ ಬಂದ ಕೆಲವೇ ದಿನಗಳಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಮೂವರು ಗುಂಡಿಗೆ ಬಲಿಯಾದರು. ಅಲ್ಲಿ ಠಾಣೆಗೆ, ಶಾಸಕರ ಮನೆಗೆ ಬೆಂಕಿ ಹಚ್ಚಿದವರನ್ನು ನಾವು ಸಮರ್ಥಿಸುವುದಿಲ್ಲ, ಆ ಬೆಂಕಿ ನಮ್ಮ ಸಮುದಾಯಕ್ಕೇ ಬಿದ್ದ ಬೆಂಕಿ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಬಜರಂಗದಳದ ಶಿಬಿರದಲ್ಲಿ ಯುವಕರು ಏರ್‌ಗನ್ ಹಿಡಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಾಗ ಆಗಿನ ಗೃಹಮಂತ್ರಿಗೆ ಅದರಲ್ಲಿ ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಬಂದ ಸಂಸದೆಯೊಬ್ಬರು ಮನೆಯ ಚಾಕುಗಳನ್ನಾದರೂ ಹರಿತವಾಗಿಟ್ಟುಕೊಳ್ಳಿ ಎಂದು ವೇದಿಕೆಯ ಮೇಲಿಂದಲೇ ಕರೆ ಕೊಟ್ಟು ಹೋದರು. ಈ ದಾಖಲೆಯನ್ನು ಮರೆಯುವಷ್ಟು ಮುಗ್ಧರು ನಾವಲ್ಲ.

ಆದರೆ ಇನ್ನೊಬ್ಬರ ಕೆಟ್ಟ ದಾಖಲೆ ಇವರ ಅರ್ಧ ದಾಖಲೆಗೆ ರಶೀದಿಯಾಗಬಾರದು. ‘ಅವರು ಬರುತ್ತಾರೆ’ ಎಂಬ ಒಂದೇ ಮಾತಿನ ಮೇಲೆ ಹಾಕಿದ ಓಟು ಭಯದ ಓಟು. ಭಯದ ಓಟಿಗೆ ಬೆಲೆ ಕಟ್ಟುವ ಅಗತ್ಯ ಯಾವ ಪಕ್ಷಕ್ಕೂ ಇಲ್ಲ, ಅದು ಹೇಗಿದ್ದರೂ ಬಂದೇ ಬರುತ್ತದೆ. ಹಾಗೆ ಬಂದ ಓಟಿನಿಂದ ಗೆದ್ದವರು ನಮ್ಮ ಓಣಿಗೆ ಐದು ವರ್ಷಕ್ಕೊಮ್ಮೆ ಬರುತ್ತಾರೆ, ದರ್ಗಾಕ್ಕೆ ಚಾದರ ಹೊದಿಸುತ್ತಾರೆ, ಇಫ್ತಾರಿಗೆ ಖರ್ಜೂರ ಕಚ್ಚುತ್ತಾರೆ, ಹೋಗುತ್ತಾರೆ. ಮಂಗಳೂರಿನ ಗುಂಡಿನ ಲೆಕ್ಕವನ್ನು ನಾವು ಕೇಳುವುದಿಲ್ಲವೆಂದು ಅವರಿಗೆ ಗೊತ್ತಿರುವುದರಿಂದಲೇ ಅವರು ಕೊಡುವುದಿಲ್ಲ.

ಇನ್ನು ಕೆಲವು ಗೆಳೆಯರು ಇನ್ನೊಂದು ತುದಿಗೆ ಹೋಗಿ, ಎಲ್ಲರೂ ಒಂದೇ, ಯಾರು ಬಂದರೇನು ಎನ್ನುತ್ತಾರೆ. ಈ ಮಾತಿಗೂ ನಮ್ಮ ಒಪ್ಪಿಗೆಯಿಲ್ಲ. ಎಲ್ಲರೂ ಒಂದೇ ಆಗಿದ್ದರೆ ಮಾರೆಪ್ಪ ಅರೋಲಿ ಇಂದು ಜೀವಂತ ಇರುತ್ತಿರಲಿಲ್ಲ. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಹೆಣ್ಣುಮಕ್ಕಳು ಗುಂಡಿಗೆ ಬಿದ್ದಾಗ ಇದ್ದದ್ದು ಕಾಂಗ್ರೆಸ್ ಸರ್ಕಾರ. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಸತ್ತಾಗ ಇದ್ದದ್ದು ಧರಂಸಿಂಗ್ ಅವರ ಸಮ್ಮಿಶ್ರ ಸರ್ಕಾರ, ಅದರ ಉಪಮುಖ್ಯಮಂತ್ರಿ ಇದೇ ಸಿದ್ದರಾಮಯ್ಯ. ಅಲ್ಲಿಂದ 2014ರ, 2025ರ ಶರಣಾಗತಿಗಳವರೆಗೆ ಬಂದ ದಾರಿಯಲ್ಲಿ ಬದಲಾವಣೆ ಇದೆ. ಆ ಬದಲಾವಣೆ ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಕೇಳುವವರು ಕೇಳುತ್ತಲೇ ಇದ್ದರು, ಅದಕ್ಕೇ ಬಂತು. ಎಲ್ಲರೂ ಒಂದೇ ಎಂದು ಮನೆಯಲ್ಲಿ ಕೂತವರು ಆ ಕೇಳುವವರ ಸಾಲಿನಲ್ಲಿ ಇರಲಿಲ್ಲ.

ಹಾಗಾದರೆ ತಕ್ಕಡಿ ಯಾವ ಕಡೆ ವಾಲಿತು? ನಮ್ಮ ತೀರ್ಮಾನ ಇದು: ಬೇರೆಯವರ ಕೈಯಲ್ಲಿದ್ದ ಬಂದೂಕನ್ನು ಕೆಳಗಿಳಿಸುವುದರಲ್ಲಿ ಸಿದ್ದರಾಮಯ್ಯ ಈ ನಾಡಿನ ಬೇರೆ ಮುಖ್ಯಮಂತ್ರಿಗಳಿಗಿಂತ ಮುಂದಿದ್ದಾರೆ. ತಮ್ಮ ಕೈಕೆಳಗಿನ ಬಂದೂಕಿಗೆ ಉತ್ತರ ಕೊಡುವುದರಲ್ಲಿ ಉಳಿದವರಂತೆಯೇ ಇದ್ದಾರೆ. ಮೊದಲನೆಯದಕ್ಕೆ ಅವರ ಪಕ್ಷ ನಮ್ಮ ಓಟು ಕೇಳಬಹುದು. ಎರಡನೆಯದಕ್ಕೆ ನಾವು ಅವರ ಪಕ್ಷದಿಂದ ಮಾತು ಪಡೆಯಬೇಕು. ಅವರೇ ಇರಲಿ, ಅವರ ಹೆಸರು ಹೇಳಿಕೊಂಡು ಬರುವವರಿರಲಿ, ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಓಟು ಕೇಳಲು ಬಂದಾಗ ಈ ಮಾತುಗಳನ್ನು ಎಲ್ಲರ ಎದುರು ಕೇಳಬೇಕು.

ಪೊಲೀಸರ ಗುಂಡಿಗೆ ಯಾರೇ ಸತ್ತರೂ, ಅವನು ನಕ್ಸಲೀಯನಿರಲಿ, ರೈತನಿರಲಿ, ಮಸೀದಿಯಿಂದ ಮನೆಗೆ ಹೊರಟವನಿರಲಿ, ಸುಪ್ರೀಂ ಕೋರ್ಟ್ ಹೇಳಿದಂತೆ ತನಿಖೆ ನಡೆದು ಅದರ ವರದಿ ವಿಧಾನಮಂಡಲದ ಮುಂದೆ ಬರಬೇಕು. ಮಂಗಳೂರಿಗೆ 2019ರಲ್ಲಿ ಕೇಳಿದ ನ್ಯಾಯಾಂಗ ತನಿಖೆಯನ್ನು, ಪೀತಬೈಲಿನ ತನಿಖೆಯನ್ನು ಇದರಿಂದ ಹೊರಗಿಡಬಾರದು. ಶರಣಾದವರ ಪ್ರಕರಣಗಳು ವಿಶೇಷ ನ್ಯಾಯಾಲಯದಲ್ಲಿ ಬೇಗ ಇತ್ಯರ್ಥವಾಗಬೇಕು. ಯಾವ ಧರ್ಮದವರೇ ಆಗಲಿ, ಆಯುಧ ಹಿಡಿಸಿ ತರಬೇತಿ ಕೊಟ್ಟರೆ, ಮೆರವಣಿಗೆಯಲ್ಲಿ ಕತ್ತಿ ಝಳಪಿಸಿದರೆ ಒಂದೇ ಕಾನೂನು ಅನ್ವಯವಾಗಬೇಕು. ನಮ್ಮ ಹುಡುಗರು ಮಾಡಿದರೆ ನಮ್ಮವರ ಮೇಲೂ. ಪ್ರತಿ ತಾಲೂಕಿನಲ್ಲಿ ಎಷ್ಟು ಬಂದೂಕಿಗೆ ಪರವಾನಗಿ ಕೊಡಲಾಗಿದೆ, ಎಷ್ಟು ನಾಯಕರಿಗೆ ಸರ್ಕಾರಿ ಗನ್‌ಮ್ಯಾನ್ ಇದ್ದಾರೆ, ಅದರ ಖರ್ಚೆಷ್ಟು ಎಂ��ುದು ಜನರಿಗೆ ತಿಳಿಯಬೇಕು. ಭಯವಿಲ್ಲದ ನಾಯಕನಿಗೆ ಬಂದೂಕಿನ ಕಾವಲು ಪ್ರತಿಷ್ಠೆಗಾಗಿ ಮಾತ್ರ ಬೇಕಾಗುತ್ತದೆ. ಕೊನೆಯದಾಗಿ, ಕಾಲುವೆಯ ಕೊನೆಭಾಗಕ್ಕೆ ನೀರು, ದುಡಿದವರಿಗೆ ಪೂರ್ತಿ ಕೂಲಿ. ಇದನ್ನು ಬಂದೂಕಿನ ಪಟ್ಟಿಯಲ್ಲಿ ಏಕೆ ಸೇರಿಸಿದಿರಿ ಎಂದು ಅಭ್ಯರ್ಥಿ ಕೇಳಿದರೆ, ಅರೋಲಿಯ ಹುಡುಗ ಕಾಡಿಗೆ ಹೋದದ್ದೇಕೆ ಎಂದು ತಿರುಗಿ ಕೇಳಿ.

1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರಿಗೆ ಅದು ಕಾನೂನು ಸುವ್ಯವಸ್ಥೆಯ ಸಣ್ಣ ಘಟನೆಯಾಗಿ ಕಂಡಿರಬಹುದು. ರೈತರು ಅದನ್ನು ಮರೆಯಲಿಲ್ಲ, ಊರೂರಿನಲ್ಲಿ ಲೆಕ್ಕ ಕೇಳಿದರು. 1983ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ರೈತರ ಕೈಯಲ್ಲಿ ಬಂದೂಕಿರಲಿಲ್ಲ, ಹೆಗಲ ಮೇಲೆ ಒಂದು ಹಸಿರು ಟವೆಲ್ ಇತ್ತು ಮತ್ತು ಕೇಳುವ ಬಾಯಿತ್ತು. ನಮಗೂ ಬಾಯಿದೆ. ಓಟು ಒತ್ತುವ ಮೊದಲು ಅದನ್ನು ತೆರೆಯೋಣ.